ಬಿಲ್ಲಿನ ಗ್ಲೌಸ್: ಬೆರಳು ನೋಯಿಸಿಕೊಂಡವರು ಸ್ವಲ್ಪ ದಾರಿ ಹೇಳಿ

ಕೇಳಿದವರು, ಬೆಂಗಳೂರಿನಿಂದ

ನಾನು ಬಾಣ ಬಿಡೋದು ಶುರು ಮಾಡಿ ಐದು ತಿಂಗಳಾಯಿತು. ಬಿಚ್ಚಿ ಜೋಡಿಸುವ ಮರದ ರಿಕರ್ವ್ (ತುದಿಗಳು ಮುಂದಕ್ಕೆ ಬಾಗಿದ) ಬಿಲ್ಲು, 62 ಇಂಚು. ಗುರಿ ನೋಡೋ ಸೈಟ್, ಅಲುಗಾಟ ತಡೆಯೋ ಸ್ಟೆಬಿಲೈಸರ್ ಏನೂ ಇಲ್ಲ. ಮೊದಲು 25 ಪೌಂಡ್ ಎಳೆತದ ಲಿಂಬ್ (ಬಿಲ್ಲಿನ ಬಾಗುವ ತೋಳು) ಇತ್ತು, ಬರಿಗೈಯಲ್ಲೇ ನಡೆಯುತ್ತಿತ್ತು. ಹೋದ ತಿಂಗಳು 35ಕ್ಕೆ ಏರಿಸಿದೆ. ಅಲ್ಲಿಂದ ಶುರು ಬೆರಳಿನ ಗೋಳು. ಆನ್‌ಲೈನಿನಲ್ಲಿ ಸಿಕ್ಕ ಒಂದು ಅಗ್ಗದ ಮೂರು ಬೆರಳಿನ ಗ್ಲೌಸ್ ತರಿಸಿಕೊಂಡೆ. ನಡುಬೆರಳಿನ ತುದಿಗೆ ಹೊಲಿಗೆ ಒತ್ತುತ್ತದೆ. ಉಂಗುರ ಬೆರಳಿನಲ್ಲಿ ಲೊಡಲೊಡ. ಐವತ್ತು ಬಾಣ ಆಗುವಷ್ಟರಲ್ಲಿ ನಡುಬೆರಳು ಜೋಮು ಹಿಡಿಯುತ್ತದೆ. ಇನ್ನೂ ದಪ್ಪದ್ದು ತಗೊಳ್ಳಲಾ? ಇಲ್ಲಾ ಗ್ಲೌಸ್ ಬಿಟ್ಟು ಟ್ಯಾಬಿಗೆ (ಬೆರಳಿಗೂ ಹೆದೆಗೂ ನಡುವೆ ಇಡೋ ತೊಗಲಿನ ತುಂಡಿಗೆ) ಹೋಗಲಾ? ನಿಮ್ಮ ಕೈಗೆ ಯಾವುದು ಒಗ್ಗಿತು, ಯಾಕೆ ಒಗ್ಗಿತು ಅಂತ ಹೇಳಿದರೆ ಉಪಕಾರ.

ಮ್ಯೂನಿಕ್ ಹತ್ತಿರದಿಂದ

ಮೇಡಂ, ದಪ್ಪದ್ದು ತಗೊಳ್ಳಬೇಡಿ. ಆ ತಪ್ಪನ್ನು ನಾನು ದುಡ್ಡು ಕೊಟ್ಟು ಮಾಡಿದ್ದೇನೆ.

ಇಲ್ಲಿ ಕಾಡಿನೊಳಗೆ ಫೋಮಿನ ಹಂದಿ, ಜಿಂಕೆ, ಕರಡಿ ಗೊಂಬೆಗಳನ್ನು ನಿಲ್ಲಿಸಿರುತ್ತಾರೆ. ನಡೆದುಕೊಂಡು ಹೋಗುತ್ತಾ ಒಂದೊಂದಕ್ಕೂ ಬಾಣ ಬಿಡುವುದು. ನಾನು ಹೋಗುವ ಕಡೆ 28 ಗುರಿಗಳಿವೆ, ಒಂದು ಸುತ್ತಿಗೆ ಮೂರು ನಾಲ್ಕು ಗಂಟೆ. ಮೊದಲ ವರ್ಷ ನಿಮ್ಮ ಹಾಗೇ ಬೆರಳು ಉರಿ. ಅಂಗಡಿಗೆ ಹೋಗಿ ಇದ್ದುದರಲ್ಲೇ ದಪ್ಪದ್ದು ತೆಗೆದುಕೊಂಡೆ. ಎರಡು ಪದರ ತೊಗಲು, ಒಳಗೆ ಮೆತ್ತೆ. ಒಲೆಯಿಂದ ಪಾತ್ರೆ ಇಳಿಸುವ ಮಸಿಬಟ್ಟೆ ಹಿಡಿದ ಹಾಗಿತ್ತು. ಉರಿ ಹೋಯಿತು, ನಿಜ. ಜೊತೆಗೆ ಹೆದೆ ಎಲ್ಲಿ ಕೂತಿದೆ ಅನ್ನೋದೂ ಗೊತ್ತಾಗದೇ ಹೋಯಿತು. ಹೆದೆ ಗೊತ್ತಾಗದಿದ್ದರೆ ಕೈ ಏನು ಮಾಡುತ್ತದೆ ಹೇಳಿ? ಜಾರಿಬಿಟ್ಟೀತು ಅಂತ ಹೆದರಿ ಬಿಗಿಯಾಗಿ ಹಿಡಿಯುತ್ತದೆ. ಬಿಗಿಯಾಗಿ ಹಿಡಿದದ್ದನ್ನು ಬಿಡುವಾಗ ಬೆರಳು ಸರಕ್ಕನೆ ಬಿಚ್ಚಿಕೊಳ್ಳದೆ ಹೆದೆಯನ್ನು ಪಕ್ಕಕ್ಕೆ ಎಳೆಯುತ್ತದೆ. ನನ್ನ ಬಾಣವೆಲ್ಲ ಹಂದಿಯ ಎಡಗಡೆ ಹೊಟ್ಟೆ ತಪ್ಪಿಸಿ ಪೊದೆಗೆ ಹೋಗುತ್ತಿತ್ತು. ಆ ವರ್ಷ ಬಾಣ ಹುಡುಕಿದ್ದೇ ಜಾಸ್ತಿ.

ಈಗ ಹಾಕುವುದು ನಾಲ್ಕನೆಯ ಗ್ಲೌಸ್. ಒಂದೇ ಪದರದ ತೊಗಲು, ತುದಿಯಲ್ಲಿ ಮಾತ್ರ ಸ್ವಲ್ಪ ಗಟ್ಟಿ. ನನ್ನ ಬಿಲ್ಲು 42 ಪೌಂಡ್. ಬೆರಳು ನೋಯುವುದಿಲ್ಲ. ಹಿತ ಅನ್ನೋದು ದಪ್ಪದಲ್ಲಿ ಇಲ್ಲ, ಅಳತೆಯಲ್ಲಿದೆ ಅಂತ ಗೊತ್ತಾಗೋಕೆ ನನಗೆ ಮೂರು ಗ್ಲೌಸಿನ ದುಡ್ಡು ಹೋಯಿತು.

ಅಳತೆ ಹೀಗೆ ತೆಗೆಯಿರಿ. ಒಂದು ಹೊಲಿಗೆ ದಾರ ತಗೊಂಡು ತೋರುಬೆರಳು, ನಡುಬೆರಳು, ಉಂಗುರ ಬೆರಳಿನ ತುದಿಯಿಂದ ಮೊದಲ ಗಿಣ್ಣಿಗೆ ಸುತ್ತಿ, ಗುರುತು ಮಾಡಿ, ಸ್ಕೇಲಿನ ಮೇಲೆ ಇಟ್ಟು ನೋಡಿ. ಹೆದೆ ಎಳೆಯುವ ಕೈಯದ್ದೇ ಅಳೆಯಿರಿ, ಆ ಕೈ ಇನ್ನೊಂದಕ್ಕಿಂತ ಒಂಚೂರು ದಪ್ಪ ಇರುವುದುಂಟು. ಬೆಳಿಗ್ಗೆ ಎದ್ದ ತಕ್ಷಣ ಬೇಡ, ಸಂಜೆ ಬಾಣ ಬಿಟ್ಟಾದ ಮೇಲೆ ಅಳೆಯಿರಿ, ಆಗ ಬೆರಳು ಸ್ವಲ್ಪ ಊದಿರುತ್ತದೆ. ಕೆಲವು ಕಂಪನಿಯವರು ಅಂಗೈ ಸುತ್ತಳತೆ ಕೇಳುತ್ತಾರೆ, ಕೆಲವರು ನಡುಬೆರಳಿನದ್ದು. ಒಬ್ಬರ 'ಎಂ' ಇನ್ನೊಬ್ಬರ 'ಎಸ್' ಆಗಿರಬಹುದು. ಅಕ್ಷರ ನಂಬಬೇಡಿ, ಅವರ ಪಟ್ಟಿ ನೋಡಿ.

ಕೈಗೆ ಬಂದ ಮೇಲೆ ಹಾಕಿಕೊಂಡು ಬೆರಳ ತುದಿ ಗ್ಲೌಸಿನ ತುದಿಗೆ ತಾಗುತ್ತಾ ನೋಡಿ. ತಾಗಬೇಕು, ಆದರೆ ಉಗುರಿಗೆ ಒತ್ತಬಾರದು. (ಉಗುರು ಕತ್ತರಿಸಿಕೊಳ್ಳಿ. ಹೇಳೋಕೆ ಸಣ್ಣ ವಿಷಯ, ನನ್ನ ಅರ್ಧ ನೋವು ಅದೇ ಆಗಿತ್ತು.) ಆಮೇಲೆ ಇನ್ನೊಂದು ಕೈಯಿಂದ ತುದಿಯ ತೊಗಲನ್ನು ಹಿಡಿದು ತಿರುಗಿಸಿ. ಬೆರಳ ಸುತ್ತ ತಿರುಗಿದರೆ ಅದು ದೊಡ್ಡದು. ತೊಗಲು ದಿನ ಕಳೆದಂತೆ ಹಿಗ್ಗುತ್ತದೆ, ಕುಗ್ಗುವುದಿಲ್ಲ. ಹಾಗಾಗಿ ಹೊಸದು ಒಂದು ಎಳೆ ಬಿಗಿ ಇದ್ದರೆ ಚಿಂತೆ ಇಲ್ಲ. ಕೊನೆಗೆ ತರಕಾರಿ ತುಂಬಿದ ಚೀಲದ ಹಿಡಿಕೆಯನ್ನು ಆ ಮೂರು ಬೆರಳಿಗೆ ಸಿಕ್ಕಿಸಿ ಎತ್ತಿ. ಎಲ್ಲಿ ಹೊಲಿಗೆ ಒತ್ತುತ್ತದೆ, ಎಲ್ಲಿ ಮಡಿಕೆ ಬೀಳುತ್ತದೆ ಎಲ್ಲಾ ಅಲ್ಲೇ ಬಯಲಾಗುತ್ತದೆ. ಬಿಲ್ಲು ಬೇಕಾಗಿಲ್ಲ.

ಹೊಲಿಗೆ ಎಲ್ಲಿದೆ ಅನ್ನೋದು ದೊಡ್ಡ ವಿಷಯ. ಒಳ್ಳೆಯ ಗ್ಲೌಸಿನಲ್ಲಿ ಅದು ಬೆರಳಿನ ಬದಿಗೆ ಅಥವಾ ಉಗುರಿನ ಕಡೆಗೆ ಇರುತ್ತದೆ. ಹೆದೆ ಕೂರುವ ಕಡೆ ಇರಕೂಡದು. ನಿಮ್ಮದು ತುದಿಯಲ್ಲಿ ಒತ್ತುತ್ತಿದೆ ಅಂದರೆ ಅದನ್ನು ಸರಿ ಮಾಡೋಕೆ ಹೋಗಬೇಡಿ. ನಾನು ಬ್ಲೇಡಿನಿಂದ ಒಳಗಿನ ದಾರ ತರಿದುಹಾಕಿ, ಎರಡನೇ ದಿನಕ್ಕೆ ಗ್ಲೌಸ್ ಬಾಯಿ ಬಿಟ್ಟಿತ್ತು.

ಇನ್ನೊಂದು. ಬಲಗೈಯವರ ಗ್ಲೌಸ್ ಅಂದರೆ ಹೆದೆ ಎಳೆಯುವ ಬಲಗೈಗೆ ಹಾಕುವಂಥದ್ದು. ಬಿಲ್ಲು ಹಿಡಿಯುವ ಕೈಗೂ ಬೇರೆ ಗ್ಲೌಸ್ ಮಾರುತ್ತಾರೆ, ಬಾಣದ ಗರಿ ಕೈಗೆ ಗೀರದ ಹಾಗೆ. ಎರಡನ್ನೂ ಗಲಿಬಿಲಿ ಮಾಡಿಕೊಂಡು ನನ್ನ ಹೆಂಡತಿಗೆ ಹುಟ್ಟುಹಬ್ಬಕ್ಕೆ ಎಡಗೈಯಲ್ಲಿ ಹೆದೆ ಎಳೆಯುವವರದ್ದು ತಂದಿದ್ದೆ. ಅದು ಇನ್ನೂ ಡ್ರಾಯರಿನಲ್ಲಿದೆ, ಆಗಾಗ ಮಾತಿಗೂ ಬರುತ್ತದೆ.

ಧಾರವಾಡದಿಂದ

ಮ್ಯೂನಿಕ್ ಸರ್ ಹೇಳಿದ್ದು ಖರೇ ಐತಿ. ನನ್ನದು ಬೇರೆ ದಾರಿ. ಹೊರದೇಶದ ಗ್ಲೌಸು ಕಸ್ಟಮ್ಸ್ ಎಲ್ಲಾ ಸೇರಿ ತುಟ್ಟಿ ಬೀಳುತ್ತಿತ್ತು. ನಮ್ಮ ಕಡೆ ಕೊಲ್ಹಾಪುರಿ ಚಪ್ಪಲಿ ಮಾಡುವವರು ಇದ್ದಾರಲ್ಲ. ಹೆಸರು ಕೊಲ್ಹಾಪುರದ್ದಾದರೂ 2019ರಲ್ಲಿ ಸಿಕ್ಕ ಜಿಐ (ಇಂಥ ಕಡೆಯದ್ದೇ ಮಾಲು ಅನ್ನೋ) ಗುರುತಿನಲ್ಲಿ ಮಹಾರಾಷ್ಟ್ರದ ನಾಲ್ಕು ಜಿಲ್ಲೆ ಜೊತೆ ನಮ್ಮ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರವೂ ಇವೆ. ಅಥಣಿ ಕಡೆಯ ಪರಿಚಯದ ಹಿರಿಯರೊಬ್ಬರ ಹತ್ತಿರ ಹೋಗಿ ಬೆರಳಿಗೆ ಮೂರು ಟೊಪ್ಪಿಗೆ ಹೊಲಿದುಕೊಡಿ ಅಂದೆ. ಅವರು ನನ್ನ ಮುಖ ನೋಡಿ, ಬಿಲ್ಲು ತಂದು ತೋರಿಸು ಅಂದರು. ಮರುವಾರ ತಗೊಂಡು ಹೋದೆ.

ಮೊದಲ ಜೋಡಿ ಕೆಟ್ಟಿತು. ಅಟ್ಟೆಗೆ ಹಾಕುವ ಎಮ್ಮೆ ತೊಗಲಿನಲ್ಲಿ ಮಾಡಿದ್ದರು, ಬೆರಳು ಮಡಚೋದೇ ಆಗಲಿಲ್ಲ. ಎರಡನೇದಕ್ಕೆ ಅವರೇ ಯೋಚನೆ ಮಾಡಿ, ಉಗುರಿನ ಕಡೆ ತೆಳುವಾದ ಆಡಿನ ತೊಗಲು, ಹೆದೆ ಕೂರುವ ಕಡೆ ಮಾತ್ರ ಒಂದು ಗಟ್ಟಿ ತುಂಡು ಇಟ್ಟರು. ಆ ತುಂಡನ್ನು ಒದ್ದೆ ಮಾಡಿ, ನನ್ನ ಬೆರಳಿಗೇ ಸುತ್ತಿ, ಅರ್ಧ ತಾಸು ಹಾಗೇ ಕೂರಿಸಿದರು. ಒಣಗಿದ ಮೇಲೆ ಅದಕ್ಕೆ ಬೆರಳಿನ ಬಾಗು ಬಂದಿತ್ತು. ಹೊಲಿಗೆ ಪೂರಾ ಬದಿಗೆ, ಮೇಣ ಹಚ್ಚಿದ ದಾರ. ಹಿಂದೆ ಎಲಾಸ್ಟಿಕ್ ಪಟ್ಟಿ ಇಡಿ ಅಂತ ನಾನು ಹೇಳಿದ್ದೆ. ಅದಿಲ್ಲದಿದ್ದರೆ ಬೆರಳು ಮಡಚಿದಾಗ ಟೊಪ್ಪಿಗೆ ಮುಂದಕ್ಕೆ ಜಾರುತ್ತದೆ. ಮಣಿಕಟ್ಟಿಗೆ ಒಂದು ಬಕಲ್. ಎರಡು ವರ್ಷ ಆಯಿತು, ನಡೆಯುತ್ತಿದೆ.

ಒಂದು ಕೊರತೆ ಹೇಳಿಬಿಡುತ್ತೇನೆ. ಹೆದೆ ಕೂರುವಲ್ಲಿ ಈಗ ಸಣ್ಣ ಹಳ್ಳ ಬಿದ್ದಿದೆ. ಸ್ವಲ್ಪ ಬಿದ್ದರೆ ಚಲೋ, ಹೆದೆ ಪ್ರತಿ ಸಲ ಅದೇ ಜಾಗಕ್ಕೆ ಬರುತ್ತದೆ. ಆಳ ಆದರೆ ಬಿಡುವಾಗ ಅಲ್ಲೇ ತಡೆಯುತ್ತದೆ. ಆಗ ಆ ತುಂಡು ಬದಲಿಸಬೇಕು. ಮೆತ್ತನೆ ತೊಗಲಿನಲ್ಲಿ ಇದು ಬೇಗ ಆಗುತ್ತದೆ, ಜಿಂಕೆ ತೊಗಲಿನದ್ದನ್ನು ಗೆಳೆಯನೊಬ್ಬ ಅಮೆರಿಕದಿಂದ ತಂದಿದ್ದ, ಕೈಗೆ ಬೆಣ್ಣೆ ಹಾಗಿತ್ತು, ಮಳೆಗಾಲ ಮುಗಿಯೋದರೊಳಗೆ ಹಿಗ್ಗಿ ಚೀಲ ಆಯಿತು.

ಮಂಗಳೂರಿನಿಂದ

ನಮ್ಮ ಕಡೆ ಸೆಕೆಗೆ ಗ್ಲೌಸ್ ಒಳಗೆ ಬೆವರು, ಹೊರಗೆ ಬೆವರು. ಜೂನ್‌ನಲ್ಲಿ ಕಪಾಟಿನಲ್ಲಿಟ್ಟ ಗ್ಲೌಸ್ ಆಗಸ್ಟಿನಲ್ಲಿ ತೆಗೆದರೆ ಬೂಷ್ಟು. ಸಾಕಾಗಿ ಟ್ಯಾಬಿಗೆ ಬಂದೆ. ಬರೀ ಒಂದು ತುಂಡು ತೊಗಲು, ನಡುಬೆರಳಿಗೆ ಒಂದು ಉಂಗುರ, ಅಷ್ಟೇ. ಗಾಳಿ ಆಡುತ್ತದೆ. ಬಾಣ ಹೆಕ್ಕುವಾಗ ಅಂಗೈಯೊಳಗೆ ತಿರುಗಿಸಿಬಿಟ್ಟರೆ ಬೆರಳು ಖಾಲಿ. ಮೂರು ಬೆರಳಿಗೂ ಒಂದೇ ಮೈ ಇರುವುದರಿಂದ ಹೆದೆ ಸಮವಾಗಿ ಜಾರುತ್ತದೆ. ಗ್ಲೌಸಿನಲ್ಲಿ ಮೂರೂ ಬೆರಳು ಬೇರೆ ಬೇರೆ ಬಿಡುತ್ತವೆ, ಅಲ್ವಾ.

ಕುದುರೆ ತೊಗಲಿನ ಕಾರ್ಡೋವನ್ ಅಂತ ಬರುತ್ತದೆ. ದುಬಾರಿ. ಗಟ್ಟಿ, ನುಣುಪು, ಬಹಳ ದಿನ ಬರುತ್ತದೆ. ಕೂದಲು ಹಾಗೇ ಉಳಿಸಿದ ಕರುವಿನ ತೊಗಲಿನ ಟ್ಯಾಬ್ ಕೂಡ ಇದೆ, ಹೊಸತರಲ್ಲಿ ಅದರಷ್ಟು ನಯ ಇನ್ನೊಂದಿಲ್ಲ. ಹೆದೆ ತಾಗುವ ಕಡೆ ಕೂದಲು ಉದುರಿ ಬೋಳಾದ ಮೇಲೆ ಮುಗಿಯಿತು. ಒದ್ದೆಯಾದ ತೊಗಲು ಯಾವುದಾದರೂ ಹೆದೆಗೆ ಅಂಟುತ್ತದೆ, ಸೊಂಟಕ್ಕೆ ಪೌಡರಿನ ಸಣ್ಣ ಚೀಲ ಕಟ್ಟಿಕೊಳ್ಳಿ. ಕೊಬ್ಬರಿ ಎಣ್ಣೆ ಹಚ್ಚಬೇಡಿ! ನಾನು ಹಚ್ಚಿದ್ದೆ. ತೊಗಲು ಮೆತ್ತಗಾಗಿ ವಾರದಲ್ಲಿ ಹಿಗ್ಗಿತು, ಮೇಲಿಂದ ವಾಸನೆ. ನೆರಳಲ್ಲಿ ಒಣಗಿಸಿ, ಬಿಸಿಲಿಗೆ ಇಟ್ಟರೆ ಹಪ್ಪಳ.

ಮೈಸೂರಿನಿಂದ

ನಾನು ಹೆಬ್ಬೆರಳಿನಲ್ಲಿ ಎಳೆಯುವವನು, ಕುದುರೆ ಸವಾರರ ಚಿಕ್ಕ ಬಿಲ್ಲು. ನನಗೆ ಮೂರು ಬೆರಳಿನ ಗ್ಲೌಸ್ ಕೆಲಸಕ್ಕೆ ಬಾರದು, ಹೆಬ್ಬೆರಳಿಗೆ ಉಂಗುರ ಬೇಕು. ಕೊರಿಯಾದವರು ಕೊಂಬಿನಲ್ಲಿ ಮಾಡಿದ್ದು ಹಾಕುತ್ತಾರೆ, ಜಪಾನಿನವರು ಹೆಬ್ಬೆರಳು ಗಟ್ಟಿ ಮಾಡಿದ ಜಿಂಕೆ ತೊಗಲಿನ ಗ್ಲೌಸ್ ಹಾಕುತ್ತಾರೆ. ಬೆರಳಿಗೆ ಗ್ಲೌಸ್ ಹಾಕಿದರೆ ಬಿಲ್ಲುಗಾರನಲ್ಲ ಅಂತ ಯಾರಾದರೂ ನಕ್ಕರೆ, ವಿಶ್ವಾಮಿತ್ರರ ಹಿಂದೆ ಹೊರಟ ರಾಮ ಲಕ್ಷ್ಮಣರೂ ಬೆರಳು ಕಾಯುವ ಅಂಗುಲಿತ್ರಾಣ ಕಟ್ಟಿಕೊಂಡಿದ್ದರು ಅಂತ ಹೇಳಿ.

ಮೇಡಂ, ನಿಮ್ಮ ಜೋಮಿನ ಬಗ್ಗೆ ಯಾರೂ ಹೇಳಲಿಲ್ಲ. ಉರಿ ಬೇರೆ, ಬೊಬ್ಬೆ ಬೇರೆ, ಜೋಮು ಬೇರೆ. ಮೊದಲಿನ ಎರಡು ಚರ್ಮದ್ದು, ಕೊನೆಯದು ನರದ್ದು. ಜೋಮು ಹಿಡಿದ ತಕ್ಷಣ ಅವತ್ತಿಗೆ ನಿಲ್ಲಿಸಿ. ನನ್ನ ಅಣ್ಣ ಇವತ್ತು ಹೋಗುತ್ತೆ ನಾಳೆ ಹೋಗುತ್ತೆ ಅಂತ ತಳ್ಳಿ, ಮೂರು ತಿಂಗಳು ಅಂಗಿ ಗುಂಡಿ ಹಾಕೋಕೆ ಪರದಾಡಿದ. ದಿನ ಬಿಟ್ಟರೂ ಹೋಗದಿದ್ದರೆ ಡಾಕ್ಟರಿಗೆ ತೋರಿಸಿ.

ಹೆದೆಯನ್ನು ಬೆರಳಿನ ಯಾವ ಜಾಗಕ್ಕೆ ಸಿಕ್ಕಿಸುತ್ತೀರಿ?

ಕೇಳಿದವರು

ಬೆರಳ ತುದಿಗೆ. ಮೆತ್ತನೆ ಭಾಗಕ್ಕೆ. ಅಲ್ಲಿಂದ ಬೇಗ ಬಿಡಬಹುದು ಅಂತ ಅಂದುಕೊಂಡಿದ್ದೆ.

ಮ್ಯೂನಿಕ್ ಹತ್ತಿರದಿಂದ

ಸಿಕ್ಕಿತು. 35 ಪೌಂಡ್ ಅಂದರೆ ಹೆಚ್ಚುಕಡಿಮೆ 16 ಕೆ.ಜಿ. ತುಂಬಿದ ಬಕೆಟ್ಟನ್ನು ಬಾವಿಯಿಂದ ತೆಳು ಹಗ್ಗದಲ್ಲಿ, ಬೆರಳ ತುದಿಯಲ್ಲಿ ಎತ್ತಿ ನೋಡಿ! ಯಾರೂ ಹಾಗೆ ಎತ್ತುವುದಿಲ್ಲ, ಗಿಣ್ಣಿಗೆ ಸಿಕ್ಕಿಸಿಕೊಳ್ಳುತ್ತೇವೆ. ಇಲ್ಲೂ ಅಷ್ಟೇ. ಮೊದಲ ಗಿಣ್ಣಿನ ಗೆರೆಗೆ ಹೆದೆ ಕೂರಲಿ, ಬೆರಳು ಕೊಕ್ಕೆಯ ಹಾಗೆ ಬಾಗಿರಲಿ, ಅಂಗೈಯ ಹಿಂಭಾಗ ಚಪ್ಪಟೆಯಾಗಿ ಸಡಿಲ ಇರಲಿ. ತುದಿಯಲ್ಲಿ ಹಿಡಿದರೆ ಇಡೀ ಮುಂಗೈ ಬಿಗಿಯುತ್ತದೆ. ವಿಚಿತ್ರ ಅಂದರೆ ಆಳಕ್ಕೆ ಸಿಕ್ಕಿಸಿದ್ದೇ ಸಲೀಸಾಗಿ ಬಿಡುತ್ತದೆ.

ಭಾರ ಜಾಸ್ತಿ ಬೀಳುವುದು ನಡುಬೆರಳಿಗೆ. ಜೊತೆಗೆ ನಿಮ್ಮ ಹೆದೆ ಯಾವುದು? ಡೇಕ್ರಾನ್ ದಪ್ಪ ಇರುತ್ತದೆ. ಫಾಸ್ಟ್‌ಫ್ಲೈಟ್ ಥರದ್ದು ತೆಳು, ಬೆರಳಿಗೆ ಕೊರೆಯುತ್ತದೆ. ಅದು ಹಾಕಲು ಬಿಲ್ಲು ತಾಳಬೇಕು ಬೇರೆ. ಹೆದೆಯ ನಡುಭಾಗಕ್ಕೆ ಸುತ್ತಿರುವ ದಾರವನ್ನು ಒಂದು ಅಳತೆ ದಪ್ಪ ಸುತ್ತಿಸಿದರೂ ಬೆರಳಿಗೆ ಎಷ್ಟೋ ಸಮಾಧಾನ, ಬಾಣದ ಬುಡ ಅದಕ್ಕೆ ಕೂರುತ್ತಾ ನೋಡಿಕೊಳ್ಳಿ. ಕೂತರೂ ಬಿಗಿಯಾಗಬಾರದು.

ಮತ್ತೆ ಹೊಸ ಗ್ಲೌಸ್ ಬಂದ ದಿನವೇ ನೂರು ಬಾಣ ಬಿಡಬೇಡಿ. ಟಿವಿ ನೋಡುವಾಗ ಹಾಕಿಕೊಂಡು ಬೆರಳು ಮಡಚಿ ಬಿಚ್ಚಿ ಮಾಡುತ್ತಿರಿ. ಸಾಧ್ಯವಾದರೆ ಹಳೆಯ 25 ಪೌಂಡಿನ ಲಿಂಬ್ ಹಾಕಿ ಎರಡು ವಾರ ಆಡಿ.

ಕೇಳಿದವರು, ಒಂದು ತಿಂಗಳ ಮೇಲೆ

ಬಂದು ಹೇಳದಿದ್ದರೆ ತಪ್ಪಾಗುತ್ತೆ. ದಾರದಲ್ಲಿ ಅಳೆದೆ: ತೋರುಬೆರಳು 4.8, ನಡುಬೆರಳು 5, ಉಂಗುರ ಬೆರಳು 4.5 ಸೆಂ.ಮೀ. ನನ್ನ ಹಳೆಯ ಗ್ಲೌಸಿನಲ್ಲಿ ಮೂರು ತುದಿಯೂ ಒಂದೇ ಅಳತೆ! ಸುಮ್ನೆ ಬೆರಳನ್ನು ಬೈದುಕೊಂಡಿದ್ದೆ.

ಹತ್ತು ದಿನ ಬಿಲ್ಲು ಮುಟ್ಟಲಿಲ್ಲ, ಜೋಮು ಪೂರ್ತಿ ಹೋಯಿತು. ಆಮೇಲೆ 25 ಪೌಂಡಿಗೆ ಇಳಿದು ಗಿಣ್ಣಿಗೆ ಸಿಕ್ಕಿಸೋದು ಕಲಿತೆ. ಮೊದಲ ದಿನ ಬಾಣ ಎಲ್ಲೆಲ್ಲೋ ಹೋಯಿತು, ಒಂದು ಗೋಡೆಗೆ. ಗ್ಲೌಸ್ ತಗೊಂಡಿದ್ದು ಒಂದೇ ಪದರದ್ದು, ಹೊಲಿಗೆ ಬದಿಗೆ ಇರುವಂಥದ್ದು, ಅಂಗಡಿಯಲ್ಲೇ ಹಾಕಿ ನೋಡಿ. ತರಕಾರಿ ಚೀಲ ಇರಲಿಲ್ಲ, ನನ್ನ ಲ್ಯಾಪ್‌ಟಾಪ್ ಬ್ಯಾಗ್ ಎತ್ತಿ ನೋಡಿದೆ. ಅಂಗಡಿಯವರು ವಿಚಿತ್ರವಾಗಿ ನೋಡಿದರು. ಮೂರನೆಯ ಗ್ಲೌಸಿನಲ್ಲಿ ಎಲ್ಲೂ ಒತ್ತಲಿಲ್ಲ.

ಹೋದ ಭಾನುವಾರ 35ಕ್ಕೆ ವಾಪಸ್ಸು. ಅರವತ್ತು ಬಾಣ. ಗ್ಲೌಸ್ ತೆಗೆದಾಗ ಗಿಣ್ಣಿನ ಮೇಲೆ ಅಡ್ಡಕ್ಕೆ ಒಂದು ಕೆಂಪು ಗೆರೆ, ಮನೆಗೆ ಬಂದು ಕಾಫಿ ಕುಡಿಯುವಷ್ಟರಲ್ಲಿ ಅದೂ ಇರಲಿಲ್ಲ. ಧಾರವಾಡದ ಅಣ್ಣಾರೇ, ಆ ಅಥಣಿಯ ಹಿರಿಯರು ಬೇರೆಯವರಿಗೂ ಹೊಲಿದುಕೊಡುತ್ತಾರಾ? ನನ್ನ ತಮ್ಮ ಎಡಗೈಯವನು, ಅವನಿಗೆ ಇಲ್ಲಿ ಒಂದೂ ಸಿಗುತ್ತಿಲ್ಲ.

ಮ್ಯೂನಿಕ್ ಹತ್ತಿರದಿಂದ

ಎಡಗೈಯದ್ದಾ? ನನ್ನ ಡ್ರಾಯರಿನಲ್ಲಿ ಒಂದಿದೆ ಮೇಡಂ, ಹೊಸದು. ಡಿಸೆಂಬರಿನಲ್ಲಿ ಊರಿಗೆ ಬರುವಾಗ ತರುತ್ತೇನೆ. ಹೆಂಡತಿಯನ್ನು ಕೇಳಿಯೇ ಹೇಳುತ್ತಿದ್ದೇನೆ. ತಮ್ಮನ ಬೆರಳಿನ ಅಳತೆ ಮೊದಲು ಕಳಿಸಿ.