ಚಿಕ್ಕಪ್ಪನ ಡ್ರಿಪ್ಪು, ಪತ್ರೊಡೆಯ ತುರಿಕೆ

ಚಿಕ್ಕಮ್ಮಾ, ನಿಮ್ಮ ವಾಯ್ಸ್ ಈಗಷ್ಟೇ ಕೇಳಿದೆ. ಕುಂಬಳೆಯಿಂದ ಬದಿಯಡ್ಕದ ಬಸ್ಸಿನಲ್ಲಿದ್ದೇನೆ, ಈ ಗಲಾಟೆಯಲ್ಲಿ ಮಾತಾಡಿದರೆ ಕೇಳಿಸುವುದಿಲ್ಲ, ಟೈಪೇ ಮಾಡುತ್ತೇನೆ. ಮಂಗಳೂರಿನ ಆಸ್ಪತ್ರೆಯಲ್ಲಿ ವ್ಯಾಂಕೊಮೈಸಿನ್ ಎಂಬ ಆ್ಯಂಟಿಬಯೋಟಿಕ್‌ನ ಡ್ರಿಪ್ ಹಾಕಿದಾಗ ಚಿಕ್ಕಪ್ಪನ ಮುಖ, ಕುತ್ತಿಗೆ ಕೆಂಪಾಗಿ ತುರಿಸಿತು, ಅಲರ್ಜಿ ಅಂತ ಚೀಟಿಯಲ್ಲಿ ಬರೆಸಲಾ ಅಂತ ಕೇಳಿದ್ದೀರಿ ಅಲ್ವಾ? ಸ್ವಲ್ಪ ತಡೆಯಿರಿ.

ನಮ್ಮ ಪತ್ರೊಡೆ ನೆನಪು ಮಾಡಿಕೊಳ್ಳಿ. ಹುಳಿ ಕಡಿಮೆಯಾದರೆ ಮನೆಮಂದಿಗೆಲ್ಲ ಗಂಟಲು ತುರಿಸುತ್ತದೆ. ಅದು ಅಲರ್ಜಿ ಅಲ್ಲ, ಕೆಸುವಿನ ಎಲೆಯ ಸೂಜಿಯಂಥ ಹರಳು ಚುಚ್ಚುವುದು. ಗೇರುಬೀಜ ಆಗದವರ ಕಥೆ ಬೇರೆ. ಪಾಯಸದಲ್ಲಿ ಒಂದು ಚೂರು ಸಿಕ್ಕಿದರೂ ಸಾಕು. ಅವರ ಮೈ ಮೊದಲೇ ಗುರುತು ಹಿಡಿದು ಐಜಿಇ ಎಂಬ ಪ್ರತಿಕಾಯ ಮಾಡಿಟ್ಟಿರುತ್ತದೆ. ಅದು ಮಾಸ್ಟ್ ಕೋಶಗಳಿಗೆ ಅಂಟಿಕೊಂಡು ಕಾಯುತ್ತಿರುತ್ತದೆ. ಗೇರು ಸಿಕ್ಕಿದ ಕೂಡಲೇ ಆ ಕೋಶಗಳು ತುರಿಕೆ ತರಿಸುವ ಹಿಸ್ಟಮಿನ್ ಸುರಿಯುತ್ತವೆ.

ವ್ಯಾಂಕೊಮೈಸಿನ್ ರಭಸದಲ್ಲಿ ಹೋದರೆ ಈ ಗುರುತಿನ ಹಂಗೇ ಇಲ್ಲ, ನೇರ ಅದೇ ಕೋಶಗಳನ್ನು ಕೆಣಕುತ್ತದೆ. ಹೊರಗಿಂದ ಎರಡೂ ಒಂದೇ ಥರ. 1 ಗ್ರಾಂ ಮದ್ದಿಗೆ ಕನಿಷ್ಠ 60 ನಿಮಿಷ ಬೇಕು. ಅರ್ಧ ಗಂಟೆಯಲ್ಲಿ ಬಾಟ್ಲಿ ಖಾಲಿ ಅಂತ ನೀವೇ ಹೇಳಿದಿರಿ. ಮರುದಿನ ಸಿಸ್ಟರ್ ಪೈಪಿನ ಚಕ್ರ ತಿರುಗಿಸಿ ಹನಿ ಹನಿಯಾಗಿ ಬಿಟ್ಟರು, ಏನೂ ಆಗಲಿಲ್ಲ. ಹಾಗಾಗಿ ನನಗೆ ಇದು ಪತ್ರೊಡೆ ಜಾತಿಯದ್ದೇ ಅಂತ ಅನಿಸುತ್ತದೆ. ತೀರ್ಮಾನ ಡಾಕ್ಟರದ್ದು.

ಸಣ್ಣವಳಿರುವಾಗ ಪೆನಿಸಿಲಿನ್ ಜಾತಿಯ ಅಮಾಕ್ಸಿಸಿಲಿನ್ ತಿಂದು ನನಗೆ ಭೇದಿಯಾಗಿತ್ತು. ಅಷ್ಟಕ್ಕೇ ಅಮ್ಮ ಹೋದಲ್ಲೆಲ್ಲ "ಇವಳಿಗೆ ಪೆನಿಸಿಲಿನ್ ಆಗುವುದಿಲ್ಲ" ಅಂತ ಬರೆಸಿದರು. 20 ವರ್ಷ ದುಬಾರಿ ಮದ್ದು ತಿಂದೆ! ಆಮೇಲೆ ಪರೀಕ್ಷೆ ಮಾಡಿಸಿದರೆ ಏನೂ ಇಲ್ಲ. ನಾನೊಬ್ಬಳೇ ಅಲ್ಲ, ಪೆನಿಸಿಲಿನ್ ಅಲರ್ಜಿ ಅಂತ ಹೇಳುವವರನ್ನು ಪರೀಕ್ಷಿಸಿದರೆ ಹತ್ತರಲ್ಲಿ ಒಂಬತ್ತು ಮಂದಿಗೆ ಇರುವುದೇ ಇಲ್ಲ.

ಭಾವಾ, ಇದನ್ನು ಓದಿ ನೀವು ಖುಷಿಪಡಬೇಡಿ. ಬ್ರುಫೆನ್ ತಿಂದು ನಿಮಗೆ ಮೈಯೆಲ್ಲ ಪಿತ್ತದ ಗಂಧೆ ಎದ್ದದ್ದು, ಆಮೇಲೆ ಡೈಕ್ಲೊಫೆನಾಕ್‌ಗೂ ಹಾಗೇ ಆದದ್ದು ಅಲರ್ಜಿ ಅಲ್ಲದೆಯೂ ಇರಬಹುದು. ಆದರೂ ಡಾಕ್ಟರಲ್ಲಿ ಕೇಳದೆ ಆ ಗುಂಪಿನ ನೋವಿನ ಮಾತ್ರೆ ಮುಟ್ಟಬೇಡಿ. ಯಾವ ಮದ್ದೇ ಇರಲಿ, ಉಸಿರು ಕಟ್ಟಿದರೆ, ನಾಲಿಗೆ ಊದಿದರೆ ಅಲರ್ಜಿಯಾ ಅಲ್ವಾ ಅಂತ ಚರ್ಚೆ ಬೇಡ. ಎರಡಕ್ಕೂ ಅಡ್ರಿನಲಿನ್ ಇಂಜೆಕ್ಷನ್ನೇ, ಸೀದಾ ಆಸ್ಪತ್ರೆಗೆ ಓಡಿ.

ಚಿಕ್ಕಮ್ಮಾ, ಚೀಟಿಯಲ್ಲಿ ಬರೀ "ಅಲರ್ಜಿ" ಅಂತ ಬರೆಸಬೇಡಿ. ಎಷ್ಟು ಹೊತ್ತಲ್ಲಿ ಬಿಟ್ಟಿದ್ದರು, ಏನಾಯಿತು, ನಿಧಾನ ಮಾಡಿದಾಗ ಹೇಗಿತ್ತು, ಇಷ್ಟನ್ನೂ ಬರೆಸಿ. ಡಿಸ್ಚಾರ್ಜ್ ಚೀಟಿಯ ಫೋಟೋ ಹಾಕಿ, ಕಳೆದ ಸಲದಂತೆ ನಿಮ್ಮ ಹೆಬ್ಬೆರಳು ಅಡ್ಡ ಬರುವುದು ಬೇಡ. ನೀರ್ಚಾಲು ಬಂತು, ಇಳಿಯುತ್ತೇನೆ.