ಮಾಂಟ್‌ಬ್ಲಾಂಕ್ 149 ಅಸಲಿಯೋ ನಕಲಿಯೋ? ನಾಳೆ ಸಂಜೆಯೊಳಗೆ ಹೇಳಬೇಕು

ಮಸಿಕುಡಿಕೆ, ಕೋಲಾರ:
ಎಲ್ಲರಿಗೂ ನಮಸ್ಕಾರ. ಸ್ವಲ್ಪ ಅರ್ಜೆಂಟು. ರಾಬರ್ಟ್‌ಸನ್‌ಪೇಟೆಯ ಒಬ್ಬರು ಹಳೆ ಸಾಮಾನು ಮಾರುವ ಆಪ್‌ನಲ್ಲಿ ಮಾಂಟ್‌ಬ್ಲಾಂಕ್ 149 ಮಸಿ ಪೆನ್ನು ಹಾಕಿದ್ದರು. 18 ಸಾವಿರ ಅಂದವರು 14ಕ್ಕೆ ಇಳಿದರು. ಭಾವ ದುಬೈನಿಂದ ತಂದದ್ದಂತೆ, ಮನೆಯಲ್ಲಿ ಯಾರೂ ಬರೆಯುವವರಿಲ್ಲವಂತೆ. ಸಾವಿರ ರೂಪಾಯಿ ಅಡ್ವಾನ್ಸ್ ಕೊಟ್ಟು, ಎರಡು ದಿನ ನೋಡಿ ಹೇಳುತ್ತೇನೆ ಅಂತ ಮನೆಗೆ ತಂದಿದ್ದೇನೆ.

ನಿಬ್ಬಿನ ಮೇಲೆ 4810 ಇದೆ, 18 ಕ್ಯಾರೆಟ್ ಗುರುತು ಇದೆ. ಕ್ಲಿಪ್ಪಿನ ಉಂಗುರದಲ್ಲಿ ಸೀರಿಯಲ್ ನಂಬರ್ ಇದೆ. ಡಬ್ಬಿ, ಪುಸ್ತಕ, ಎಲ್ಲಾ ಇದೆ. ಕೈಯಲ್ಲಿ ಹಿಡಿದರೆ ಒಳ್ಳೆ ತೂಕ. ಬರೆದರೆ ಮಾತ್ರ ಸ್ವಲ್ಪ ಕೆರೆಯುತ್ತದೆ, ಎರಡು ಸಾಲಿಗೆ ಮಸಿ ನಿಲ್ಲುತ್ತದೆ. ನಿಬ್ಬು ಸರಿ ಮಾಡಿಸಿದರೆ ಆಗುತ್ತದಲ್ವಾ? ಜೊತೆಗೆ ಒಂದು ಹಳೆ ಹೀರೋ ಪೆನ್ನನ್ನೂ "ಸುಮ್ನೆ ಇಟ್ಕೊಳ್ಳಿ" ಅಂತ ಕೊಟ್ಟರು. ಅದು ಬಿಡಿ, ಮಸಿ ಒಣಗಿ ಕಲ್ಲಾಗಿದೆ.

ನಿಬ್‌ಮೇಷ್ಟ್ರು, ತುಮಕೂರು:
14 ಸಾವಿರದ ಪೆನ್ನನ್ನು ಸಾವಿರಕ್ಕೆ ಕೈಗೆ ಕೊಟ್ಟು ಕಳಿಸಿದರು ಅಂದಾಗಲೇ ನನಗೆ ಅನುಮಾನ ಬಂತು. ಇರಲಿ. ಒಂದೇ ಪ್ರಶ್ನೆ. ಮಸಿ ಹೇಗೆ ತುಂಬಿಸಿದಿರಿ?

ಮಸಿಕುಡಿಕೆ, ಕೋಲಾರ:
ನಡುವೆ ತಿರುಗಿಸಿದರೆ ಬಾಡಿ ಬಿಚ್ಚಿಕೊಳ್ಳುತ್ತದೆ ಮೇಷ್ಟ್ರೇ. ಒಳಗೆ ಕನ್ವರ್ಟರ್ ಇದೆ, ಅದೇ, ಮಸಿ ಎಳೆದುಕೊಳ್ಳುವ ಬಿಡಿ ಕೊಳವೆ. ಅದರಲ್ಲೇ ಎಳೆದೆ.

ನಿಬ್‌ಮೇಷ್ಟ್ರು, ತುಮಕೂರು:
ಹಾಗಾದರೆ ದುಡ್ಡು ಕೊಡಬೇಡಿ.

149ಕ್ಕೆ ಕನ್ವರ್ಟರ್ ಇರುವುದಿಲ್ಲ. ಅದು ಪಿಸ್ಟನ್ ಪೆನ್ನು. ಹಿಂದಿನ ತುದಿಯಲ್ಲಿರುವ ಗುಬಟನ್ನು ತಿರುಗಿಸಿದರೆ ಒಳಗಿನ ಪಿಸ್ಟನ್ ಕೆಳಗಿಳಿಯುತ್ತದೆ. ನಿಬ್ಬನ್ನು ಮಸಿಯಲ್ಲಿ ಅದ್ದಿ ಉಲ್ಟಾ ತಿರುಗಿಸಿದರೆ ಮಸಿ ಸೀದಾ ಬಾಡಿಯೊಳಗೆ ತುಂಬುತ್ತದೆ. ಬಾಡಿಯೇ ಮಸಿಯ ಡಬ್ಬಿ. ಅದಕ್ಕೇ ಅದು ನಡುವೆ ಬಿಚ್ಚಿಕೊಳ್ಳುವ ಹಾಗೇ ಇಲ್ಲ. ಬೆರಳು ಹಿಡಿಯುವ ಜಾಗಕ್ಕಿಂತ ಸ್ವಲ್ಪ ಹಿಂದೆ ಗೆರೆಗೆರೆಯ ಕಿಟಕಿ ಇರುತ್ತದೆ, ಅದರಲ್ಲಿ ಎಷ್ಟು ಮಸಿ ಉಳಿದಿದೆ ಅಂತ ಕಾಣುತ್ತದೆ. 1952ರಲ್ಲಿ ಈ ಮಾದರಿ ಬಂದಾಗಿನಿಂದ ಪಿಸ್ಟನ್ನೇ.

ನೀವು ಹೇಳಿದ ಗುರುತುಗಳೆಲ್ಲ ಕಣ್ಣಿಗೆ ಕಾಣುವಂಥವು. 4810 ಅಂದರೆ ಮಾಂಟ್‌ಬ್ಲಾಂಕ್ ಬೆಟ್ಟದ ಎತ್ತರ, ಮೀಟರ್ ಲೆಕ್ಕದಲ್ಲಿ. ಅದನ್ನು ಯಾವ ತಗಡಿನ ಮೇಲೆ ಬೇಕಾದರೂ ಕೊರೆಯಬಹುದು. ಸೀರಿಯಲ್ ನಂಬರ್ ಕೂಡ ಅಷ್ಟೇ, ಒಂದು ಅಸಲಿ ಪೆನ್ನಿನ ನಂಬರನ್ನು ನೂರು ನಕಲಿಗಳ ಮೇಲೆ ಹೊಡೆಯುತ್ತಾರೆ. ಇನ್ನೊಂದು ತಮಾಷೆ ಗೊತ್ತಾ? 1990ರ ದಶಕಕ್ಕಿಂತ ಹಳೆಯ ಅಸಲಿ ಪೆನ್ನುಗಳಲ್ಲಿ ಈ ನಂಬರೇ ಇರುವುದಿಲ್ಲ. ನಂಬರ್ ಇಲ್ಲ ಅಂತ ಅಸಲಿಯನ್ನು ಬಿಟ್ಟು, ನಂಬರ್ ಇದೆ ಅಂತ ನಕಲಿ ಕೊಂಡವರನ್ನು ನೋಡಿದ್ದೇನೆ. ಡಬ್ಬಿಯ ಮಾತಂತೂ ಬೇಡವೇ ಬೇಡ. ಪಿಸ್ಟನ್ ಮಾಡುವುದು ಖರ್ಚಿನ ಕೆಲಸ, ಹಾಗಾಗಿ ನಕಲಿ ಮಾಡುವವರು ಹೆಚ್ಚಾಗಿ ಅಲ್ಲೇ ಸಿಕ್ಕಿಬೀಳುತ್ತಾರೆ.

ಕಾಗದದೋಣಿ, ಚಿಂತಾಮಣಿ:
ಮೇಷ್ಟ್ರೇ, ಒಂದು ಮಾತು. 149 ಇರುವ ಮಾಂಟ್‌ಬ್ಲಾಂಕ್‌ನ ಮೈಸ್ಟರ್‌ಶ್ಟುಕ್ ಸಾಲಿನಲ್ಲೇ 145 ಅಂತ ಒಂದಿದೆ, ಅದರಲ್ಲಿ ಕನ್ವರ್ಟರ್ ಇರುತ್ತದೆ. ನನ್ನ ಹತ್ತಿರ ಇದೆ. ಮಾರುವವರು ಗೊತ್ತಿಲ್ಲದೆ 149 ಅಂತ ಹಾಕಿರಬಹುದಲ್ವಾ? ಪಾಪ, ಒಮ್ಮೆಗೇ ಕಳ್ಳ ಅನ್ನಬಾರದು.

ನಿಬ್‌ಮೇಷ್ಟ್ರು, ತುಮಕೂರು:
ಸರಿಯಾದ ಮಾತು, ನಾನು ಅವಸರ ಮಾಡಿದೆ. ಮಸಿಕುಡಿಕೆಯವರೇ, ಸ್ಕೇಲ್ ತಗೊಂಡು ಅಳೆಯಿರಿ. 145 ತೆಳ್ಳಗೆ, ಜೇಬಿಗೆ ಸಲೀಸು. 149 ದಪ್ಪ, ಶರ್ಟಿನ ಜೇಬಿನಲ್ಲಿ ಇಟ್ಟರೆ ಜೇಬೇ ಜೋಲುತ್ತದೆ. ಹಾಗೇ ಇನ್ನೂ ಎರಡು ನೋಡಿ. ಕ್ಯಾಪಿನ ನಡುವಿನ ಬಳೆಯ ಮೇಲೆ ಮೈಸ್ಟರ್‌ಶ್ಟುಕ್ ಅಂತ ಕೊರೆದಿರುವಲ್ಲಿ ಯು ಅಕ್ಷರದ ತಲೆಯ ಮೇಲೆ ಎರಡು ಚುಕ್ಕಿ ಇದೆಯಾ? ಆಮೇಲೆ ಕತ್ತಲೆ ಕೋಣೆಯಲ್ಲಿ ಖಾಲಿ ಕ್ಯಾಪಿನೊಳಗೆ ಮೊಬೈಲ್ ಟಾರ್ಚು ಬಿಡಿ. ಈಗಿನ ಅಸಲಿಯ ಕಪ್ಪು ರೆಸಿನ್ (ಒಂದು ಥರದ ಪ್ಲಾಸ್ಟಿಕ್) ಜೋರು ಬೆಳಕಿಗೆ ದಾಳಿಂಬೆ ಕೆಂಪಾಗಿ ಕಾಣುತ್ತದೆ. ತುಂಬಾ ಹಳೆಯ, ಸೆಲ್ಯುಲಾಯ್ಡಿನ ಪೆನ್ನಾದರೆ ಈ ಪರೀಕ್ಷೆ ನಡೆಯುವುದಿಲ್ಲ. ನಿಮ್ಮದು ಅಷ್ಟು ಹಳೆಯದಲ್ಲ.

ಮಸಿಕುಡಿಕೆ, ಕೋಲಾರ:
ಅಳೆದೆ. ಕ್ಯಾಪ್ ಹಾಕಿ ಹದಿನಾಲ್ಕೂ ಮುಕ್ಕಾಲು ಸೆಂಟಿಮೀಟರ್. ದಪ್ಪ ಅಂದರೆ ನನ್ನ ಹೆಬ್ಬೆರಳಿನಷ್ಟು. ಚುಕ್ಕಿ ಇಲ್ಲ, ಬರೀ ಯು. ಟಾರ್ಚು ಬಿಟ್ಟರೆ ಕೆಂಪೂ ಇಲ್ಲ ಏನೂ ಇಲ್ಲ, ಕರೀ ಬಾಣಲೆ ಥರ ಇದೆ. ತುದಿಯ ಬಿಳಿ ನಕ್ಷತ್ರದ ಅಂಚಿಗೆ ಉಗುರು ತಾಗಿಸಿದರೆ ತಡೆಯುತ್ತದೆ, ಬಣ್ಣ ಬಳಿದ ಹಾಗೆ.

ನಿಬ್ಬಾದರೂ ಚಿನ್ನ ಇರಬಹುದಾ? ನಮ್ಮದು ಚಿನ್ನದ ಗಣಿಯ ಜಿಲ್ಲೆ. 2001ರಲ್ಲಿ ಗಣಿ ಮುಚ್ಚಿತು, ಚಿನ್ನ ನೋಡುವ ಆಚಾರಿಗಳು ಇನ್ನೂ ಇದ್ದಾರೆ. ಒರೆಗಲ್ಲಿಗೆ ಉಜ್ಜಿಸಲಾ?

ನಿಬ್‌ಮೇಷ್ಟ್ರು, ತುಮಕೂರು:
149ರ ಮೈ, 145ರ ಹೊಟ್ಟೆ. ಅಂಥ ಪೆನ್ನನ್ನು ಕಂಪನಿ ಮಾಡಿಲ್ಲ. ನಕ್ಷತ್ರವೂ ಅಸಲಿಯಲ್ಲಿ ರೆಸಿನ್ನಿನೊಳಗೆ ಕೂರಿಸಿರುತ್ತಾರೆ, ಮೇಲೆ ಸವರಿದರೆ ಬೆರಳಿಗೆ ಗೊತ್ತೇ ಆಗುವುದಿಲ್ಲ.

ಒರೆಗಲ್ಲು ದಯವಿಟ್ಟು ಬೇಡ. ಇದಕ್ಕೆ ಮಾತ್ರ ಅಲ್ಲ, ಯಾವ ನಿಬ್ಬಿಗೂ ಬೇಡ. ಅಸಲಿಯಾಗಿದ್ದರೆ ಗೀರು ಬಿದ್ದು ನಿಬ್ಬು ಹಾಳಾಗುತ್ತದೆ. ನಕಲಿಯಾಗಿದ್ದರೆ ಮೊದಲ ಉಜ್ಜಿಗೆ ಕಲ್ಲಿಗೆ ಹತ್ತುವುದು ಮೇಲಿನ ಗಿಲೀಟು. ಅಯಸ್ಕಾಂತ ಹಿಡಿದು ನೋಡಿ. ಅಂಟಿದರೆ ಉಕ್ಕು, ಮಾತು ಮುಗಿಯಿತು. ಅಂಟದಿದ್ದರೆ ಮಾತ್ರ ಚಿನ್ನ ಅಂತ ಕುಣಿಯಬೇಡಿ, ಕೆಲವು ಸ್ಟೀಲು ಅಯಸ್ಕಾಂತಕ್ಕೆ ಅಂಟುವುದಿಲ್ಲ. ಹಾಲ್‌ಮಾರ್ಕ್ ಸೆಂಟರಿನಲ್ಲಿ ಉಜ್ಜದೆ ನೋಡುವ ಯಂತ್ರ ಇರುತ್ತದೆ. ನಮ್ಮ ಒಡವೆಯಲ್ಲಿ 22 ಕ್ಯಾರೆಟ್‌ಗೆ 916 ಇದ್ದ ಹಾಗೆ ಪೆನ್ನಿನಲ್ಲಿ 18 ಕ್ಯಾರೆಟ್‌ಗೆ 750, 14ಕ್ಕೆ 585. ಈ ಪೆನ್ನಿಗೆ ಅದೂ ದಂಡ.

ಕಾಗದದೋಣಿ, ಚಿಂತಾಮಣಿ:
ಅಯ್ಯೋ ಪಾಪ. ಅಡ್ವಾನ್ಸ್ ವಾಪಸ್ ಕೇಳಿ. ಅದಿರಲಿ, ಆ ಹಳೆ ಹೀರೋ ಅಂದಿರಲ್ಲ, ಅದನ್ನು ಬಿಚ್ಚಿ ನೋಡಿದಿರಾ? ನಾವು ಸ್ಕೂಲಿನಲ್ಲಿ ಬರೆದದ್ದೆಲ್ಲ ಹೀರೋ 616ರಲ್ಲೇ. ಅದೇ ಪಾರ್ಕರ್ 51ರ ನಕಲು. ಆಮೇಲೆ ಹೀರೋಗೂ ನಕಲಿ ಬಂತು ಅಂದರೆ ನೋಡಿ!

ಮಸಿಕುಡಿಕೆ, ಕೋಲಾರ:
ಈಗ ಬಿಚ್ಚಿದೆ. ಹಿಂದಿನ ಭಾಗ ಕಳಚಿದರೆ ಒಳಗೆ ಲೋಹದ ಕೊಳವೆ, ಅದರ ಪಕ್ಕದಲ್ಲಿ ಒತ್ತುವ ಪಟ್ಟಿ. ಕೊಳವೆಯ ಮೇಲೆ ಸಣ್ಣ ಅಕ್ಷರದಲ್ಲಿ ಇಂಗ್ಲಿಷಿನಲ್ಲಿ ಪಾರ್ಕರ್ 51 ಅಂತ ಇದೆ, ಪಟ್ಟಿಯನ್ನು ಆರು ಸಲ ಗಟ್ಟಿಯಾಗಿ ಒತ್ತಿ ಅಂತ ಇದೆ. ಬಾಡಿಯ ಮೇಲೆ ಮಸುಕಾಗಿ ಮೇಡ್ ಇನ್ ಇಂಗ್ಲೆಂಡ್. ಇದೂ ನಕಲಿಯೇನಾ?

ನಿಬ್‌ಮೇಷ್ಟ್ರು, ತುಮಕೂರು:
ಸ್ವಲ್ಪ ತಾಳಿ. ನೀರಿನಲ್ಲಿ ನಿಬ್ಬಿನ ಮೂತಿ ಅದ್ದಿ ಆ ಪಟ್ಟಿ ಒತ್ತಿ. ಗುಳ್ಳೆ ಬರುತ್ತದಾ?

ಮಸಿಕುಡಿಕೆ, ಕೋಲಾರ:
ಮೊದಲು ಬರಲಿಲ್ಲ. ಅರ್ಧ ಗಂಟೆ ನೆನೆಸಿ ಒತ್ತಿದೆ, ಬಂತು. ನೀರೆಲ್ಲ ನೀಲಿ.

ನಿಬ್‌ಮೇಷ್ಟ್ರು, ತುಮಕೂರು:
ಸ್ವಾಮಿ, ಅದನ್ನು ಭದ್ರವಾಗಿ ಇಟ್ಟುಕೊಳ್ಳಿ. ಕೊಳವೆಯೊಳಗಿನ ಆ ಪಾರದರ್ಶಕ ಚೀಲ ಎಷ್ಟೋ ದಶಕ ಆದರೂ ಕೆಲಸ ಮಾಡುತ್ತದೆ. 51 ಬಂದದ್ದು 1941ರಲ್ಲಿ, ಈ ಥರ ಒತ್ತಿ ತುಂಬಿಸುವ ವ್ಯವಸ್ಥೆ 1948ರಲ್ಲಿ. ಮೂತಿಯೊಳಗೆ ಅಡಗಿರುವ ನಿಬ್ಬು 14 ಕ್ಯಾರೆಟ್ ಚಿನ್ನ. ನೀವು ಯಾವುದಕ್ಕೆ ಆಚಾರಿಯನ್ನು ಹುಡುಕುತ್ತಿದ್ದಿರೋ ಅದು ಇದರಲ್ಲಿದೆ! ಫೋಟೋ ಹಾಕಿ, ಖಚಿತವಾಗಿ ಹೇಳುತ್ತೇನೆ. ಮೂತಿಯನ್ನು ತಿರುಗಿಸಿ ಬಿಚ್ಚಲು ಮಾತ್ರ ಹೋಗಬೇಡಿ, ಅರಗು ಹಾಕಿ ಕೂರಿಸಿರುತ್ತಾರೆ, ಸೀಳುತ್ತದೆ.

ಮಸಿಕುಡಿಕೆ, ಕೋಲಾರ (ಮರುದಿನ ರಾತ್ರಿ):
ಫೋಟೋ ಹಾಕಿದ್ದೇನೆ. ಸಂಜೆ ಹೋಗಿ 149 ವಾಪಸ್ ಕೊಟ್ಟೆ. ನಡುವೆ ಬಿಚ್ಚಿ ತೋರಿಸಿದೆ, ಟಾರ್ಚು ಬಿಟ್ಟು ತೋರಿಸಿದೆ. ಅವರು ಜಗಳ ಆಡಲಿಲ್ಲ, ನಮ್ಮ ಭಾವನಿಗೇ ಯಾರೋ ಟೋಪಿ ಹಾಕಿದ್ದಾರೆ ಅಂದರು. ನಿಜವೋ ಸುಳ್ಳೋ. ಸುಮ್ಮನೆ ಕೊಟ್ಟ ಪೆನ್ನು ಹೀರೋ ಅಲ್ಲ ಪಾರ್ಕರ್ ಅಂತಲೂ ಹೇಳಿದೆ. ಹೇಳದೆ ಇರಲು ಮನಸ್ಸು ಒಪ್ಪಲಿಲ್ಲ. ಇದು ಅಪ್ಪನ ಪೆನ್ನು, ಯಾರಿಗೂ ಬೇಡವಾಗಿತ್ತು, ನಿಮ್ಮ ಸಾವಿರ ಅದಕ್ಕೆ ಸರಿಹೋಯಿತು ಬಿಡಿ ಅಂದರು. ನನಗೂ ಸರಿ ಅನಿಸಿತು.

ಕಾಗದದೋಣಿ, ಚಿಂತಾಮಣಿ:
ನನಗೆ ಹೊಟ್ಟೆ ಉರಿಯುತ್ತಿದೆ.

ನಿಬ್‌ಮೇಷ್ಟ್ರು, ತುಮಕೂರು:
ಫೋಟೋ ನೋಡಿದೆ. 51ನೇ. ಕ್ಯಾಪು ನೆಗ್ಗಿದೆ, ಪರವಾಗಿಲ್ಲ.

ಮಸಿಕುಡಿಕೆ, ಕೋಲಾರ:
ಮೂರು ಲೋಟ ನೀರು ಬದಲಿಸಿದೆ, ಇನ್ನೂ ನೀಲಿ ಬಿಡುತ್ತಲೇ ಇದೆ. ಬಿಸಿನೀರು ಹಾಕಲಾ?

ನಿಬ್‌ಮೇಷ್ಟ್ರು, ತುಮಕೂರು:
ಬೇಡ, ತಣ್ಣೀರೇ ಸಾಕು. ಬೆಳಿಗ್ಗೆ ಒಮ್ಮೆ, ರಾತ್ರಿ ಒಮ್ಮೆ ಬದಲಿಸಿ. ನೀರು ತಿಳಿಯಾದ ಮೇಲೆ ಮಸಿ ತುಂಬಿಸಿ.