ಅಪ್‌ಡೇಟ್: ಕೊನೆಗೆ ಹಸಿರು ಲೇಸರ್ ರಿಮೋಟೇ ತಗೊಂಡೆ

ಸ್ಲೈಡ್ ಬದಲಿಸಲು ವೈರ್‌ಲೆಸ್ ರಿಮೋಟ್ ಬೇಕು, ಲೇಸರ್ ಕೆಂಪಿರಲಾ ಹಸಿರಿರಲಾ, ಬ್ಲೂಟೂತಾ ಯುಎಸ್‌ಬಿ ರಿಸೀವರಾ ಅಂತ ಕೇಳಿದ್ದೆ ಅಲ್ವಾ? ಹಸಿರು ಲೇಸರ್, 2.4 ಗಿಗಾಹರ್ಟ್ಸ್ ಯುಎಸ್‌ಬಿ ರಿಸೀವರ್ ಇರುವುದನ್ನು ಕೊಂಡೆ.

ನೀವು ಹೇಳಿದ್ದು ನಿಜ. ಶಕ್ತಿ ಒಂದೇ ಇದ್ದರೂ 650 ನ್ಯಾನೋಮೀಟರ್ ತರಂಗಾಂತರದ ಕೆಂಪಿಗಿಂತ 532ರ ಹಸಿರು ಕಣ್ಣಿಗೆ ಎಷ್ಟೋ ಜಾಸ್ತಿ ಹೊಳೆಯುತ್ತದೆ. ದೀಪ ಹಾಕಿದ್ದ ಕೋಣೆಯಲ್ಲೂ ಯಾರೂ ಚುಕ್ಕೆ ಹುಡುಕಲಿಲ್ಲ. ಕಣ್ಣಿನ ಸುರಕ್ಷತೆಗಾಗಿ 1 ಮಿಲಿವ್ಯಾಟ್ ಮೀರದ ಕ್ಲಾಸ್ 2 ಲೇಬಲ್ ನೋಡಿಯೇ ತಗೊಂಡಿದ್ದು.

ಎಡವಿದ್ದು ಎರಡನೇ ಸಲ. ಅಲ್ಲಿ ಪ್ರೊಜೆಕ್ಟರ್ ಇರಲಿಲ್ಲ, ದೊಡ್ಡ ಟಿವಿ ಇತ್ತು. ಬಿಳಿ ಪರದೆಯ ಹಾಗೆ ಟಿವಿ ಗಾಜು ಬೆಳಕನ್ನು ಎಲ್ಲ ಕಡೆಗೂ ಚೆದುರಿಸುವುದಿಲ್ಲ. ಚುಕ್ಕೆ ಕಂಡೂ ಕಾಣದ ಹಾಗಿತ್ತು. ವಿಡಿಯೋ ಕಾಲ್‌ನಲ್ಲಿದ್ದವರಿಗಂತೂ ಏನೂ ಇಲ್ಲ, ನಾನು ಸುಮ್ನೆ ಕೈ ಆಡಿಸುತ್ತಿದ್ದೆ! ಈಗ ಅಂಥ ಕಡೆ ಪವರ್‌ಪಾಯಿಂಟ್‌ನಲ್ಲಿ ಕಂಟ್ರೋಲ್ ಕೀ ಒತ್ತಿ ಹಿಡಿದು ಮೌಸ್ ಎಳೆಯುತ್ತೇನೆ. ಪರದೆಯಲ್ಲೇ ಲೇಸರ್ ಚುಕ್ಕೆ ಮೂಡುತ್ತದೆ, ಎಲ್ಲರಿಗೂ ಕಾಣುತ್ತದೆ.

ರಿಮೋಟ್ ಕಂಪ್ಯೂಟರಿಗೆ ಕೀಬೋರ್ಡ್ ಥರ ಕಾಣುವುದರಿಂದ ಏನೂ ಇನ್‌ಸ್ಟಾಲ್ ಮಾಡಬೇಕಾಗಲಿಲ್ಲ. ಪಿಡಿಎಫ್‌ನಲ್ಲೂ ಪುಟ ತಿರುಗುತ್ತದೆ. ರಿಸೀವರನ್ನು ಸಿಪಿಯು ಹಿಂದೆ ಚುಚ್ಚಿದಾಗ ಮಾತ್ರ ತಡವರಿಸಿತು, ಮುಂದಿನ ಪೋರ್ಟ್‌ಗೆ ಹಾಕಿದ ಮೇಲೆ ಸರಿಹೋಯಿತು.

ಒಂದೇ ಬೇಜಾರು, ಲೇಸರ್ ಬಟನ್ ಮತ್ತು ಮುಂದಿನ ಸ್ಲೈಡ್ ಬಟನ್ ತೀರಾ ಹತ್ತಿರ ಇವೆ. ಕೊಳ್ಳುವ ಮೊದಲು ಬಟನ್‌ಗಳತ್ತ ನೋಡದೆ ಒತ್ತಿ ಪರೀಕ್ಷಿಸಬೇಕಿತ್ತು. ಸದ್ಯಕ್ಕೆ ಲೇಸರ್ ಬಟನ್ ಮೇಲೆ ಟೇಪಿನ ಚೂರೊಂದು ಅಂಟಿಸಿಕೊಂಡಿದ್ದೇನೆ.